‘ಬರ್ತಾನೆ’ ಅಂದರೆ ಯಾವಾಗ

ಬಸವೇಶ್ವರನಗರದ ನಮ್ಮ ಮನೆಯಲ್ಲಿ ಅಡುಗೆಮನೆಯಿಂದ ನಡುಮನೆಗೆ ಬರಲು ಒಬ್ಬರಷ್ಟೇ ನುಸುಳಬಹುದಾದ ಕಿರಿದಾದ ದಾರಿ. ಗಾಡಿ ರೇಸಿನಲ್ಲಿ ಯಾವುದು ನ್ಯಾಯ, ಯಾವುದು ಮೋಸ ಎಂದು ಮಗಳು ನನಗೆ ಪಾಠ ಹೇಳಿದ್ದು ಅಲ್ಲೇ. ನಾನು ಸಾರಿನ ಪಾತ್ರೆ ಹಿಡಿದು ಹೊರಟರೆ ಸಾಕು, ಮುಂದೆ ಬಂದು ಬೆನ್ನು ಹಾಕಿ ನಡೆಯುತ್ತಿದ್ದಳು.

“ಅಮ್ಮಾ, ನೀನು ಬಲಗಡೆಯಿಂದ ನುಗ್ತೀಯ ಅಂತ ನನಗೆ ಅನುಮಾನ. ನೀನು ತಿರುಗೋಕೆ ಮುಂಚೇನೇ ನಾನು ಬಲಗಡೆ ಹಿಡ್ಕೊಂಡೆ. ಒಂದೇ ಸಲ. ಇದು ಡಿಫೆನ್ಸು, ತಪ್ಪಿಲ್ಲ.” ನಾನು ಎಡಕ್ಕೆ ಹೊರಳಿದರೆ ಅದನ್ನು ನೋಡಿಕೊಂಡು ತಾನೂ ಎಡಕ್ಕೆ ಹಾರುತ್ತಿದ್ದಳು. “ನೋಡು, ಇದು ಬ್ಲಾಕಿಂಗು. ನೀನು ತಿರುಗಿದ್ಮೇಲೆ ಬಂದೆ. ಇದು ಮೋಸ.”

“ಎರಡೂ ಅಡ್ಡ ಬರೋದೇ ಕಣೇ. ಸಾರು ಚೆಲ್ಲತ್ತೆ, ದಾರಿ ಬಿಡು” ಎಂದು ಗದರುತ್ತಿದ್ದೆ. ಮೊದಲೋ ಆಮೇಲೋ ಎನ್ನುವುದರಲ್ಲೇ ಎಲ್ಲ ಇದೆ ಎಂಬುದು ನನ್ನ ತಲೆಗೆ ನಿಧಾನವಾಗಿ ಹತ್ತಿತು.

ನಾನು ರೇಸಿನ ಮನುಷ್ಯಳಲ್ಲ. ಸ್ಕೂಟರಿನಲ್ಲಿ ವಿಜಯನಗರದ ಸಿಗ್ನಲ್ ದಾಟುವಷ್ಟರಲ್ಲಿ ನಾಲ್ಕು ಜನಕ್ಕೆ ಬೈದು ಬರುವವಳು. ಅವಳಿಗೆ ಮಾತ್ರ ಚಿಕ್ಕಂದಿನಿಂದ ಕಾರ್ಟ್ ಹುಚ್ಚು. ನೆಲಕ್ಕೆ ಕೂತಂತೆ ಓಡುವ ಆ ಪುಟ್ಟ ಗಾಡಿಯಲ್ಲಿ ಅವಳು ಹೆಲ್ಮೆಟ್ ಹಾಕಿ ಕೂತರೆ ನನಗೆ ಹೆಮ್ಮೆ ಒಂದು ಪಾಲು, ಹೆದರಿಕೆ ಮೂರು ಪಾಲು. ಅವಳು ಪಿಯುಸಿಯಲ್ಲಿದ್ದ ವರ್ಷ ಕೆಂಗೇರಿಯ ಆಚೆಗಿನ ಟ್ರ್ಯಾಕಿನಲ್ಲಿ ಕೊನೆಯ ರೇಸು. ಮೊದಲ ಇಬ್ಬರನ್ನು ಒಂದು ತಂಡದವರು ತಮ್ಮ ಗಾಡಿ, ತಮ್ಮ ಟೈರು ಕೊಟ್ಟು ಮುಂದಿನ ವರ್ಷ ಓಡಿಸುವವರಿದ್ದರು. ಆ ಅವಕಾಶ ಸಿಗದಿದ್ದರೆ ಅದು ನಮ್ಮ ಕೈಲಾಗುವ ಆಟವಲ್ಲ, ಅಲ್ಲಿಗೆ ನಿಲ್ಲಿಸುವುದು ಎಂದು ಮನೆಯಲ್ಲಿ ಮೂವರೂ ಮಾತಾಡಿಕೊಂಡಿದ್ದೆವು. ಅವಳೂ ಹೂಂ ಅಂದಿದ್ದಳು.

ಕೊನೆಯ ಸುತ್ತಿನಲ್ಲಿ ಅವಳು ಎರಡನೆಯ ಸ್ಥಾನದಲ್ಲಿದ್ದಳು. ಹಿಂದೆಯೇ ಒಬ್ಬ ಹುಡುಗ. ಕೊನೆಯ ತಿರುವು ಇನ್ನೂ ದೂರವಿರುವಾಗಲೇ ಅವಳು ಒಳಪಕ್ಕಕ್ಕೆ ಸರಿದಳು. ಹುಡುಗ ಆಗಿನ್ನೂ ನೇರ ಬರುತ್ತಿದ್ದ. ಆಮೇಲೆ ಅವನೂ ಒಳಗೇ ಮೂತಿ ತೂರಿಸಿದ, ಜಾಗ ಸಾಲದೆ ಹುಲ್ಲಿಗೆ ಇಳಿದ. ಬೇಲಿಯ ಪಕ್ಕ ನಿಂತಿದ್ದ ನಾನು ಕಣ್ಣಾರೆ ಕಂಡೆ. ಅವಳು ಮೊದಲು, ಅವನು ಆಮೇಲೆ. ಆದರೆ ತಾಯಿ ಕಂಡದ್ದು ಎಲ್ಲೂ ಲೆಕ್ಕಕ್ಕಿಲ್ಲ.

ಹುಡುಗನ ಕಡೆಯವರು ದೂರು ಕೊಟ್ಟರು. ಆ ತಿರುವಿನಲ್ಲಿ ಕ್ಯಾಮೆರಾ ಇರಲಿಲ್ಲ. ಹಾಗಾಗಿ ಇಬ್ಬರನ್ನೂ ಒಬ್ಬೊಬ್ಬರಾಗಿ ಕರೆದು ಕೇಳಿದರು. ಒಳಗೆ ತೀರ್ಪು ಕೊಡುವವರು ಇಬ್ಬರು. ಹಿರಿಯರು ಬೇರೆ ರಾಜ್ಯದವರು, ಕನ್ನಡ ಬಾರದು. ಇನ್ನೊಬ್ಬರು ಕನ್ನಡದವರೇ. ಮಗಳಿಗಿನ್ನೂ ಹದಿನೆಂಟಾಗದ ಕಾರಣ ಅವಳ ಜೊತೆ ನಾನು ಕೂರಬಹುದು, ಬಾಯಿ ಬಿಡುವಂತಿಲ್ಲ. ಬಿಟ್ಟರೆ ಶಿಕ್ಷೆ ಅವಳಿಗೇ ಎಂದು ಮೊದಲೇ ಹೇಳಿದ್ದರು.

ಮಗಳು ಇಂಗ್ಲಿಷಿನಲ್ಲಿ ಶುರುಮಾಡಿ ತಡವರಿಸಿದಳು. ಆ ಕನ್ನಡದವರು ಒಳ್ಳೆಯ ಮನುಷ್ಯ, “ಪರವಾಗಿಲ್ಲ ಪುಟ್ಟಾ, ಕನ್ನಡದಲ್ಲೇ ಹೇಳು. ನಾನು ಸಾರ್‌ಗೆ ಹೇಳ್ತೀನಿ” ಅಂದರು. ಅವಳಿಗೆ ಜೀವ ಬಂದ ಹಾಗಾಯಿತು. ಒಂದೇ ಉಸಿರಿಗೆ ಹೇಳಿದಳು, “ಅವನು ಒಳಗಡೆ ಬರ್ತಾನೆ ಅಂತ ನಾನು ಅಡ್ಡ ಹೋದೆ ಸಾರ್.”

ಅವರು ಹಿರಿಯರ ಕಡೆ ತಿರುಗಿ, “ಹೀ ವಾಸ್ ಕಮಿಂಗ್ ಇನ್‌ಸೈಡ್, ಸೋ ಐ ಬ್ಲಾಕ್ಡ್ ಹಿಮ್” ಅಂದರು.

‘ಮಳೆ ಬರತ್ತೆ, ಛತ್ರಿ ತಗೊಂಡು ಹೋಗು’ ಅಂದಾಗ ಮಳೆ ಆಗಲೇ ಬಂದಿರುತ್ತದೆಯೇ? ಬರ್ತಾನೆ ಅಂದರೆ ಇನ್ನು ಬರುವವನು. ಅವಳು ಹೇಳಿದ್ದು ಊಹಿಸಿ ಮೊದಲೇ ಸರಿದೆ ಎಂದು. ಅವರು ಮುಟ್ಟಿಸಿದ್ದು, ಅವನು ಬರುತ್ತಿದ್ದದ್ದನ್ನು ನೋಡಿ ತಡೆದೆ ಎಂದು. ಅಡ್ಡ ಎಂಬ ಒಂದೇ ಪದದಲ್ಲಿ ಡಿಫೆನ್ಸೂ ಬ್ಲಾಕಿಂಗೂ ಸೇರಿಕೊಂಡು ಅವಳ ಕತ್ತಿಗೇ ಬಂದವು. ಹಿರಿಯರು “ಇಸ್ ದಟ್ ರೈಟ್?” ಎಂದು ಕೇಳಿದರು. ಮಗಳು ಹೌದೆಂದು ತಲೆಯಾಡಿಸಿದಳು. ಗಾಬರಿಯಲ್ಲಿ ಅವಳಿಗೆ ಅದು ತನ್ನದೇ ಮಾತಿನ ಹಾಗೆ ಕೇಳಿಸಿತ್ತು. ನಾನು “ಸಾರ್, ಅದು...” ಎಂದು ಎದ್ದೆ. “ಮೇಡಂ, ಪ್ಲೀಸ್” ಎಂದು ಆ ಕನ್ನಡದವರೇ ಕೈ ಎತ್ತಿ ತಡೆದರು. ಕೂತೆ. ಬೀದಿಯಲ್ಲಿ ಗುರುತಿಲ್ಲದವರ ಮೇಲೆಲ್ಲ ಬಾಯಿ ಮಾಡುವ ನಾನು ಅಲ್ಲಿ ಸೆರಗಿನ ತುದಿ ಹಿಂಡುತ್ತಾ ಕೂತೆ. ಅಂಥ ಅಸಹಾಯಕತೆ ಹೆರಿಗೆಯ ಮಂಚದ ಮೇಲೂ ನನಗಾಗಿರಲಿಲ್ಲ.

ಅವಳನ್ನು ಆರನೆಯ ಸ್ಥಾನಕ್ಕೆ ಇಳಿಸಿದರು. ಮೂರನೆಯವನಾಗಿ ಮುಗಿಸಿದ್ದ ಹುಡುಗ ಎರಡಕ್ಕೆ ಏರಿದ. ತಂಡದವರು ಆ ಹುಡುಗನನ್ನು ಕರೆದುಕೊಂಡರು.

ಹೊರಗೆ ಆ ಕನ್ನಡದವರು ಸಿಕ್ಕಾಗ ಹಿಡಿದು ನಿಲ್ಲಿಸಿ ಬಿಡಿಸಿ ಹೇಳಿದೆ. ಅವರ ಮುಖ ಸಣ್ಣದಾಯಿತು. “ಹೌದಲ್ವಾ ಮೇಡಂ... ನಂಗೆ ಹೊಳೀಲೇ ಇಲ್ಲ” ಅಂದರು. ಒಳಗೆ ಹೋಗಿ ಹಿರಿಯರಿಗೂ ಹೇಳಿ ಬಂದರಂತೆ. “ತೀರ್ಪಿಗೆ ಸೈನ್ ಆಗೋಗಿದೆ. ಹುಡುಗಿನೇ ಒಪ್ಕೊಂಡಿದಾಳೆ, ಹೊಸ ಸಾಕ್ಷಿ ಇಲ್ಲ ಅಂತಾರೆ.” ಕೋಟೆ ಕೊಳ್ಳೆ ಹೊಡೆದ ಮೇಲೆ ದಿಡ್ಡಿ ಬಾಗಿಲು ಹಾಕಿದಂತಾಯಿತು. ಬೈಯಬೇಕು ಅನಿಸಿತು. ಯಾರನ್ನು ಬೈಯಲಿ? ಒಳ್ಳೆಯದು ಮಾಡಲು ಬಂದವರನ್ನೇ?

ಮನೆಗೆ ಬಂದಾಗ ವಿಷಯ ತಿಳಿದಿದ್ದ ಅವಳಪ್ಪ, “ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು” ಅಂದರು. “ಗಾದೆ ಹೇಳೋಕೆ ಇದೇ ಹೊತ್ತಾ ನಿಮಗೆ?” ಎಂದು ಅವರ ಮೇಲೆ ಹಾರಿದೆ. ಪಾಪ, ಅವರ ಕಣ್ಣಲ್ಲೂ ನೀರಿತ್ತು.

ಅವಳು ಅಳಲಿಲ್ಲ, ಜಗಳವಾಡಲಿಲ್ಲ. ಒಪ್ಪಿದ ಹಾಗೆ ಕಾರ್ಟ್ ಬಿಟ್ಟಳು, ಕಾಲೇಜಿಗೆ ಹೋದಳು. ಅದಾಗಿ ಕೆಲವು ವಾರಗಳ ಮೇಲೆ ಒಂದು ಭಾನುವಾರ ಮಧ್ಯಾಹ್ನ, ಅವಳ ಕೋಣೆಯ ಬಾಗಿಲು ತಟ್ಟಿ ಕೇಳಿದೆ, “ಊಟಕ್ಕೆ ಬರ್ತೀಯೇನೇ?”

“ಬರ್ತೀನಿ” ಅಂದಳು. ಸ್ವಲ್ಪ ತಡೆದು ತಾನೇ ತಿದ್ದಿಕೊಂಡಳು.

“ಇನ್ನೂ ಬಂದಿಲ್ಲ ಅಮ್ಮಾ. ಆಮೇಲೆ ಬರ್ತೀನಿ.”