ಮಾಸ್ತರು ಮಣ್ಣು ಮುಟ್ಟುವ ಮೊದಲು

ಹೋದ ವಾರ ಇಂಡಿ ಸಂತೆಯಲ್ಲಿ ಸಲಿಕೆಗೆ ಹೊಸ ಕಾವು, ಕಟ್ಟಿಗೆಯ ಹಿಡಿ, ಹಾಕಿಸಿದೆ. ಬಡಿಗ ಜಾಲಿ ಕಟ್ಟಿಗೆ ಕೆತ್ತಿ, ನುಣ್ಣಗೆ ಉಜ್ಜಿ, "ಹಿಡದು ನೋಡ್ರಿ ಅಕ್ಕಾರ, ಕೈಗೆ ಹೊಂದತೈತೇನು" ಎಂದು ಕೊಟ್ಟ. ಹಿಡಿದೆ. ಹಸಿ ಕಟ್ಟಿಗೆಯ ಒಗರು ವಾಸನೆ ಮೂಗಿಗೆ ಬಡಿಯಿತು. ನನ್ನ ಎರಡೂ ಕೈ ತಾವಾಗಿಯೇ ಕಾವಿನ ತುದಿಗೆ ಸರಿದು ಗಟ್ಟಿಯಾಗಿ ಕೂತವು. ಮಣ್ಣು ಎಳೆಯುವವರು ಹಾಗೆ ಹಿಡಿಯುವುದಿಲ್ಲ, ಹೊಡೆಯುವವರು ಹಿಡಿಯುತ್ತಾರೆ. ಬಡಿಗ ನನ್ನ ಮುಖ ನೋಡಿ ಒಂದು ಹೆಜ್ಜೆ ಹಿಂದೆ ಸರಿದ.

ಅದೇ ಕೈಯಿಂದ ನಾನು ಒಬ್ಬ ಮನುಷ್ಯನನ್ನು ಹೊಡೆದಿದ್ದೆ. ಹದಿನಾಲ್ಕು ವರ್ಷವಾಯಿತು…

ನಾವೆಲ್ಲ ಅವರನ್ನು ಮಾಸ್ತರು ಎನ್ನುತ್ತಿದ್ದೆವು. ಸಾಲಿ ಮಾಸ್ತರಲ್ಲ, ರೈತರಿಗೆ ಬೇಸಾಯ ಹೇಳಿಕೊಡುವವರು. ಮೋರಟಗಿಯವರು. ಒಂದು ಹಳೆಯ ಮೋಟರ್ ಸೈಕಲ್ ಮೇಲೆ ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ಎಂದು ಸುತ್ತಿ ಸುತ್ತಿ, ಸೋಮವಾರ ಮಾತ್ರ ಲಚ್ಯಾಣದ ಹತ್ತಿರದ ನಮ್ಮೂರಿಗೆ ಬರುತ್ತಿದ್ದರು. ಸೋಮವಾರ ನಮ್ಮ ಕಡೆ ಎತ್ತಿನ ಹೆಗಲ ಮೇಲೆ ನೊಗ ಇಡುವುದಿಲ್ಲ. ಎತ್ತಿಗೆ ರಜೆ ಇದ್ದ ದಿನ ರೈತನ ತಲೆಗೆ ಕೆಲಸ ಎಂದು ನಗುತ್ತಿದ್ದರು. ಬೇವಿನ ಗಿಡದ ಕೆಳಗೆ ಚಿತ್ರದ ಹಾಳೆ ತೂಗುಹಾಕಿ ಪಾಠ ಶುರು ಮಾಡಿದರೆ ಗಂಡಸರು ತಂಬಾಕು ತಿಕ್ಕುತ್ತ ಕೂರುತ್ತಿದ್ದರು. ಹೆಂಗಸರಲ್ಲಿ ಹೋಗುತ್ತಿದ್ದವಳು ನಾನೊಬ್ಬಳೇ. ಯಾರಾದರೂ ಕಿಸಕ್ಕೆಂದರೆ ಎದ್ದು ಹೋಗಿ ಅವರ ಎದುರಿಗೇ ಕೂರುತ್ತಿದ್ದೆ. ನನ್ನ ಸಿಟ್ಟು ಊರಿಗೆಲ್ಲ ಗೊತ್ತಿತ್ತು.

ಸಿಟ್ಟು ಇರದೆ ನಡೆಯುತ್ತಲೂ ಇರಲಿಲ್ಲ. ಗಂಡ ತೀರಿಹೋಗಿ ಎರಡು ವರ್ಷವಾಗಿತ್ತು. ಅವರು ಹಚ್ಚಿದ ಅರವತ್ತು ನಿಂಬೆ ಗಿಡ ಬಿಟ್ಟರೆ ನನಗೆ ಬೇರೆ ಆಧಾರ ಇರಲಿಲ್ಲ. ಪಕ್ಕದ ಹೊಲದ ಭಾವನಿಗೆ, ಅಂದರೆ ನನ್ನ ಗಂಡನ ಅಣ್ಣನಿಗೆ, ಆ ತೋಟದ ಮೇಲೆ ಕಣ್ಣಿತ್ತು. ನೀರಿನ ಜಗಳದಲ್ಲಿ ಒಮ್ಮೆ ಆತ ಎಸೆದ ಕಲ್ಲು ನನ್ನ ಹಣೆ ಸೀಳಿತ್ತು. ರಕ್ತ ಒರೆಸಿಕೊಂಡು ನಾನೂ ಅದೇ ಕಲ್ಲನ್ನು ತಿರುಗಿ ಎಸೆದಿದ್ದೆ. ಅವತ್ತಿನಿಂದ ಆತ ನನ್ನ ಮೈಮೇಲೆ ಬರಲಿಲ್ಲ, ಕಾಯುತ್ತ ಕೂತ. "ಹೆಂಗಸು ತ್ವಾಟ ಮಾಡೋದು ನಾನೂ ನೋಡ್ತೇನಿ. ಒಂದ್ ಸಲ ಒಣಗ್ಲಿ, ಕೊಡ್ಲಿ ತಂದು ಬುಡಕ್ಕ ಹಾಕ್ತೇನಿ. ಕಬ್ಬು ಹಚ್ಚೂಣು" ಎಂದು ಊರ ಹಿರಿಯರ ಮುಂದೆಯೇ ಹೇಳಿದ್ದ. ಹಿರಿಯರು ತಲೆಯಾಡಿಸಿದ್ದರು. ನನ್ನ ಕೈಯಿಂದ ತೋಟ ಕೆಟ್ಟರೆ ಅದು ಭಾವನ ಕೈಗೆ ಎಂದು ಮಾತಾಗಿಬಿಟ್ಟಿತ್ತು.

ಆ ವರ್ಷ ಮಾಸ್ತರು ಬೇಸಿಗೆ ಕಾಯಿಯ ಪಾಠ ಹೇಳಿದರು. ಮಳೆಗಾಲದ ನಿಂಬೆಯನ್ನು ಕೇಳುವವರಿಲ್ಲ, ಬೇಸಿಗೆಯ ನಿಂಬೆಗೆ ವ್ಯಾಪಾರಸ್ಥರು ತೋಟದ ತನಕ ಬರುತ್ತಾರೆ. ಬೇಸಿಗೆಗೆ ಕಾಯಿ ಬೇಕಾದರೆ ಮಳೆ ನಿಂತ ಮೇಲೆ ಗಿಡಕ್ಕೆ ಒಂದು ತಿಂಗಳು ನೀರು ನಿಲ್ಲಿಸಬೇಕು. ಎಲೆ ಬಾಡಿ, ಅರ್ಧ ಉದುರಬೇಕು. ಆಮೇಲೆ ನೀರು ಕೊಟ್ಟರೆ ಗಿಡ ಹೂವಾಗುತ್ತದೆ. ನಾನೊಬ್ಬಳೇ ಹೂಂ ಎಂದೆ. ಅವರು ನನ್ನನ್ನು ಪಕ್ಕಕ್ಕೆ ಕರೆದು ಎರಡೆರಡು ಸಲ ಹೇಳಿದರು. "ಅಕ್ಕಾರ, ಮೊದಲ್ನೇ ನೀರು ಗಿಡಕ್ಕ ನಾಕ ಕೊಡ. ಹೆಚ್ಚು ಬ್ಯಾಡ್ರಿ. ನಾಕ ದಿನ ಬಿಟ್ಟು ಮತ್ತಷ್ಟು. ಒಮ್ಮೆಲೆ ಕುಡಿಸಿದ್ರ ಗಿಡ ತಡಕೊಳ್ಳಂಗಿಲ್ಲ."

ತಿಳಿಯಿತು ಎಂದೆ. ತಿಳಿದೂ ಇತ್ತು.

ನೀರು ನಿಲ್ಲಿಸಿದ ಆ ತಿಂಗಳು ಹೇಗೆ ಕಳೆದೆನೋ… ಗಿಡದ ಎಲೆ ದಿನದಿನಕ್ಕೆ ಮುದುಡಿದವು. ಕಪ್ಪು ನೆಲ ಅಂಗೈಯಗಲ ಬಿರಿಯಿತು. ಭಾವ ಬದುವಿನ ಮೇಲೆ ಕೂತು ಕೊಡಲಿ ಮಸೆಯುತ್ತಿದ್ದ. ಮಸೆಯುವ ಸದ್ದು ನನಗೆ ಕೇಳಲಿ ಎಂದೇ ಮಸೆಯುತ್ತಿದ್ದ. ನೀರು ಕೊಡುವ ದಿನ ಬಂತು. ಮೊದಲ ಗಿಡಕ್ಕೆ ನಾಲ್ಕು ಕೊಡ ಸುರಿದೆ. ನೆಲ ಅದನ್ನು ಕುಡಿದು ಮತ್ತೆ ಬಾಯಿ ಬಿಟ್ಟಿತು. ನನ್ನ ಗಂಡ ಕೊನೆಯ ದಿನಗಳಲ್ಲಿ ನೀರು ನೀರು ಎನ್ನುತ್ತಿದ್ದರು, ಡಾಕ್ಟರು ಚಮಚದಲ್ಲಷ್ಟೇ ಕೊಡಿ ಎಂದಿದ್ದರು. ಕೊಡ ಬಿಸಾಡಿ ಹೋಗಿ ನೀರಿನ ಮೋಟರ್ ಚಾಲೂ ಮಾಡಿದೆ. ಅರವತ್ತು ಗಿಡದ ಬುಡವೂ ಕೆರೆಯಾಗುವ ತನಕ ನೀರು ಬಿಟ್ಟೆ. ಕುಡೀರಿ ಎಂದು ಗಿಡಗಳಿಗೆ ಬಾಯಿಬಿಟ್ಟು ಹೇಳಿದೆ.

ಐದೇ ದಿನಕ್ಕೆ ಉಳಿದ ಎಲೆಯೂ ಉದುರಿ ಅರವತ್ತೂ ಗಿಡ ಬೋಳಾದವು. ಮುಳ್ಳು ಮಾತ್ರ ನಿಂತಿತ್ತು.

ಮರುದಿನ ಸೋಮವಾರ. ಮಾಸ್ತರು ಬರುತ್ತಾರೆ, ಭಾವನೂ ಬರುತ್ತಾನೆ. ನಸುಕಿನಲ್ಲೇ ಎದ್ದು ಹೋಗಿ ಬದುವಿನ ಒಣಮಣ್ಣನ್ನು ಎಳೆದು ಪ್ರತಿ ಗಿಡದ ಬುಡಕ್ಕೂ ಹರಡಿದೆ, ಕೆಳಗಿನ ಕೆಸರು ಕಾಣದಂತೆ. ಅದನ್ನು ಮಾಡುವಾಗ ನನಗೆ ಅಳು ಬರಲಿಲ್ಲ. ಇವತ್ತು ನೆನೆದರೆ ಹೆಚ್ಚು ಹೆದರಿಕೆ ಆಗುವುದು ಅದಕ್ಕೇ.

ಪಾಠ ಬಿಟ್ಟು ಎಲ್ಲರೂ ತೋಟಕ್ಕೆ ಬಂದರು. ಹದಿನೈದಿಪ್ಪತ್ತು ಮಂದಿ. ಭಾವನ ಹೆಗಲ ಮೇಲೆ ಕೊಡಲಿ. ಬೋಳು ಗಿಡ ನೋಡಿ ಮಾಸ್ತರ ಮುಖದ ಬಣ್ಣವೇ ಇಳಿದುಹೋಯಿತು. ಒಂದು ಗಿಡದ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತರು. "ಅಕ್ಕಾರ, ನೀರು…" ಎನ್ನುತ್ತ ಎರಡು ಬೆರಳು ಮಣ್ಣಿನ ಕಡೆ ಚಾಚಿದರು. ಬೆರಳು ಎರಡು ಅಂಗುಲ ಕೆಳಗೆ ಇಳಿದಿದ್ದರೆ ಎಲ್ಲ ಹೊರಗೆ ಬರುತ್ತಿತ್ತು.

ಕೈಯಲ್ಲಿ ಸಲಿಕೆ ಇತ್ತು. ತಿರುಗಿಸಿ ಕಾವಿನಿಂದ ಬೀಸಿದೆ. ಏಟು ಬಲಗಿವಿಯ ಮೇಲೆ ಬಿತ್ತು. ಅವರು ಪಕ್ಕಕ್ಕೆ ಉರುಳಿದರು. "ನನ್ನ ತ್ವಾಟ ಸುಟ್ಟ ಮಗನ" ಎಂದು ಕಿರುಚಿದೆ. ಆ ಮಾತು ಸಾಕಾಯಿತು. ಭಾವ ಕೊಡಲಿ ಬಿಸಾಡಿ ಕಾಲಿಂದ ಒದ್ದ. ಉಳಿದವರಿಗೂ ತಮ್ಮ ತಮ್ಮ ಸಿಟ್ಟಿತ್ತು. ಒಬ್ಬನ ಉಳ್ಳಾಗಡ್ಡಿ ಬೀಜ ಮೊಳೆತಿರಲಿಲ್ಲ, ಇನ್ನೊಬ್ಬನಿಗೆ ಮಾಸ್ತರು ಎಲ್ಲರೆದುರು ಬೈದಿದ್ದರು. ಒದ್ದರು, ಮುಳ್ಳಿನ ಮೇಲೆ ಎಳೆದಾಡಿದರು. ಅಂಗಿ ಹರಿದು ಬೆನ್ನೆಲ್ಲ ಗೀರಾಗಿ ರಕ್ತ ಬಂತು. ಚಿತ್ರದ ಹಾಳೆ ಚಿಂದಿಯಾದವು. ಮೋಟರ್ ಸೈಕಲ್ಲನ್ನು ಕೆಡವಿ ಕಲ್ಲು ಹಾಕಿದರು. ನಾನು ಬೇಡ ಎಂದಿದ್ದರೆ ನಿಲ್ಲುತ್ತಿತ್ತು. ನಾನು ಇನ್ನೊಂದು ಏಟು ಹಾಕಿದೆ.

ಕೊನೆಗೆ ಇನ್ನೊಂದು ಬದಿಯ ಹೊಲದವನು, ಊರೆಲ್ಲ ಚಾಚಾ ಎನ್ನುತ್ತಿದ್ದ ಹಿರಿಯ, ಓಡಿ ಬಂದು ಅವರ ಮೈಮೇಲೆ ಅಡ್ಡ ಬಿದ್ದ. "ಸಾಕ ಮಾಡ್ರಿ, ಸಾಯ್ತಾನ ಮನಶ್ಯಾ" ಎಂದು ಬೇಡಿಕೊಂಡು, ತನ್ನ ಟಂಟಂ ಗಾಡಿಯಲ್ಲಿ ಇಂಡಿ ದವಾಖಾನೆಗೆ ಒಯ್ದ. ಅಲ್ಲಿ ಮಾಸ್ತರು ಮೋಟರ್ ಸೈಕಲ್ಲಿನಿಂದ ಬಿದ್ದೆ ಎಂದಷ್ಟೇ ಬರೆಸಿದರಂತೆ. ಬಲಗಿವಿ ಪೂರ್ತಿ ಕಿವುಡಾಯಿತಂತೆ.

ತಪ್ಪು ಮಾಸ್ತರದು ಎಂದು ಊರು ನಂಬಿತು. ಜೊತೆಗೆ ಒದ್ದ ಭಾವನೂ ಹಾಗೇ ನಂಬಬೇಕಾಯಿತು, ಆದ್ದರಿಂದ ತೋಟ ನನ್ನ ಕೈಯಲ್ಲೇ ಉಳಿಯಿತು. ಗಿಡಗಳೂ ಸಾಯಲಿಲ್ಲ. ಎರಡು ತಿಂಗಳಿಗೆ ಚಿಗುರಿದವು. ಮಾರನೆಯ ವರ್ಷ ಯಾರಿಗೂ ಹೇಳದೆ ಅವರು ಹೇಳಿದ ಹಾಗೆಯೇ ಮಾಡಿದೆ. ಗಿಡಕ್ಕೆ ನಾಲ್ಕು ಕೊಡ, ನಾಲ್ಕು ದಿನ ಬಿಟ್ಟು ಮತ್ತಷ್ಟು. ಹೂವು ಎಲೆ ಕಾಣದಷ್ಟು ಬಂತು. ನಾನು ಜಾಣೆ ಎನಿಸಿಕೊಂಡೆ.

ಆರು ವರ್ಷದ ಮೇಲೆ, ಕನ್ನೊಳ್ಳಿಯ ತಂಗಿಯ ಮನೆಯಿಂದ ಬರುವಾಗ ಸಿಂದಗಿ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕರು. ತಿರುಗಿ ಹೋಗುವವಳಿದ್ದೆ, ಅವರೇ ಎದ್ದು ಬಂದು ಎಡಗಿವಿ ನನ್ನ ಕಡೆ ಮಾಡಿ ನಿಂತರು.

"ತ್ವಾಟ ಹೆಂಗೈತ್ರಿ ಅಕ್ಕಾರ?"

"ಐತ್ರಿ, ಚಿಗತೈತಿ."

"ಪುಣ್ಯಾ ಬಂತು" ಎಂದರು. ಕಣ್ಣು ಒದ್ದೆಯಾದವು. "ನಾ ಪಾಠ ಹೇಳೋದು ಬಿಟ್ಟೇನ್ರಿ. ಎಲ್ಲಿ ತಪ್ಪಿದೆ ಅಂತ ಇನ್ನೂ ಹೊಳೆದಿಲ್ಲ. ತಪ್ಪು ತಿಳೀದ ಮನಶ್ಯಾ ಇನ್ನೊಬ್ಬರ ಹೊಲದಾಗ ಹೆಂಗ ಕಾಲಿಡಬೇಕು? ನೀವು ಹೊಡದದ್ದು ನ್ಯಾಯನ ಐತಿ."

ಹೇಳಿಬಿಡಬೇಕು ಎಂದುಕೊಂಡೆ. ಅಷ್ಟರಲ್ಲಿ ಇಂಡಿ ಬಸ್ಸು ಬಂತು, ಹತ್ತಿಬಿಟ್ಟೆ. ಅರ್ಧ ತಾಸಿಗೆ ಇನ್ನೊಂದು ಬಸ್ಸಿತ್ತು. ಅದು ನನಗೆ ಗೊತ್ತಿತ್ತು.

ಹೋದ ಮಳೆಗಾಲದಲ್ಲಿ ಅವರು ತೀರಿಕೊಂಡರು. ತೋಟ ನೋಡಲು ಬಂದ ಮುದ್ದೇಬಿಹಾಳದ ರೈತರೊಬ್ಬರು ಮಾತಿನ ನಡುವೆ ಹೇಳಿದರು. ಈಗ ಸೋಮವಾರ ಜನ ನನ್ನ ಹತ್ತಿರ ಕಲಿಯಲು ಬರುತ್ತಾರೆ, ಹೆಂಗಸರೇ ಹೆಚ್ಚು. ಹೋದ ವಾರ ಆ ಸಲಿಕೆ ಹೊತ್ತು ಸಂತೆಯಿಂದ ಬಂದ ಮೇಲೆ ನನಗೆ ಅನ್ನ ಸೇರಲಿಲ್ಲ. ಮೊನ್ನೆ ಸೋಮವಾರ ಎಲ್ಲರೆದುರು, ಭಾವನನ್ನೂ ಕರೆಸಿ ಕೂರಿಸಿ, ಒಣಮಣ್ಣು ಹರಡಿದ್ದರಿಂದ ಹಿಡಿದು ಎಲ್ಲ ಹೇಳಿದೆ. ಭಾವ ನೆಲ ನೋಡುತ್ತ ಎದ್ದು ಹೋದ.

ನಿನ್ನೆ ಮೋರಟಗಿಗೆ ಹೋಗಿ ಅವರ ಹೆಂಡತಿಗೂ ಹೇಳಿದೆ. ಬೈಯಲಿ, ಹೊಡೆಯಲಿ ಎಂದುಕೊಂಡೇ ಹೋಗಿದ್ದೆ. ಆಕೆ ಜೋಳ ಹಸನು ಮಾಡುತ್ತಿದ್ದರು. ಮೊರ ಕೆಳಗಿಟ್ಟು ನನ್ನನ್ನು ನೋಡಿದರು.

"ಕಡೀ ದಿನಾನೂ ನಿಮ್ಮ ಗಿಡದ ಮಾತ ತೆಗದಿದ್ರು" ಎಂದರು. "ನನಗ ಹೇಳಿ ಏನ್ ಮಾಡ್ತೀರಿ ಈಗ?"

ಮತ್ತೆ ಮೊರ ಎತ್ತಿಕೊಂಡರು. ಕೂರಿ ಎನ್ನಲಿಲ್ಲ. ನಾನು ಬಾಗಿಲಲ್ಲಿ ನಿಂತೇ ಇದ್ದೆ. ಮಾಸ್ತರ ತಪ್ಪಿರಲಿಲ್ಲ ಎನ್ನುವುದು ಈಗ ನಮ್ಮೂರಿಗೆ ಗೊತ್ತು, ಅವರ ಮನೆಗೆ ಗೊತ್ತು. ಅವರೊಬ್ಬರಿಗೆ ಗೊತ್ತಾಗಲಿಲ್ಲ.