ರಬ್ಬರು ಕೊಳವೆಯ ಮೇಲಿನ ಎರಡು ಹಲ್ಲು

ನಮ್ಮ ನಡುಮನೆಯ ದೀಪದ ಗೂಡಿನಲ್ಲಿ ವಿಭೂತಿಗಟ್ಟಿ, ಬೆಂಕಿಪೊಟ್ಟಣ ಮತ್ತು ಮೊಮ್ಮಗಳ ಕಾಲಿಗೆ ಆಗಲೇ ಬಿಗಿಯಾಗಿಬಿಟ್ಟ ಒಂದು ಜೊತೆ ಬೆಳ್ಳಿಗೆಜ್ಜೆಯ ಪಕ್ಕದಲ್ಲಿ ಬೆರಳುದ್ದದ ಒಂದು ಕಪ್ಪು ರಬ್ಬರು ಕೊಳವೆಯ ತುಂಡಿದೆ. ಮನೆಗೆ ಬಂದವರು ದೀಪಕ್ಕೆ ಕೈಮುಗಿಯುವಾಗ ಅದಕ್ಕೂ ಸೇರಿಸಿಯೇ ಮುಗಿಯುತ್ತಾರೆ. ಮೊನ್ನೆ ಪಾದಪೂಜೆಗೆ ಬಂದಿದ್ದ ಸ್ವಾಮಿಗಳು ಮಾತ್ರ ಅದನ್ನು ಕಣ್ಣು ಕಿರಿದು ಮಾಡಿ ನೋಡಿ, "ಇದ್ಯಾವ ಬೇರಮ್ಮಾ?" ಎಂದು ಕೇಳಿದರು. "ಬೇರಲ್ಲ ಬುದ್ಧಿ, ಪಿಕಪ್ಪಿಂದು" ಎಂದೆ. ಅವರು "ಒಳ್ಳೇದಾಗಲಿ" ಎಂದು ವಿಭೂತಿ ಇಟ್ಟರು. ಅವರಿಗೆ ಹೇಳದೆ ಉಳಿಸಿಕೊಂಡದ್ದನ್ನು ನಿಮಗೆ ಹೇಳುತ್ತೇನೆ. ನೀವಾದರೆ ನಕ್ಕರೂ ಅಡ್ಡಿಯಿಲ್ಲ.

ನಾವು ಗಂಡಸಿ ಕಡೆಯ ತೆಂಗಿನ ತೋಟದವರು. ಮಗ ರುದ್ರೇಶ ತನ್ನ ಪೆಟ್ರೋಲ್ ಪಿಕಪ್ಪಿನಲ್ಲಿ ಊರಿನವರ ಕೊಬ್ಬರಿಯನ್ನೆಲ್ಲ ಅರಸೀಕೆರೆಗೆ ಸಾಗಿಸುತ್ತಾನೆ. ಸೊಸೆ ಚೈತ್ರ ಬೇಲೂರಿನ ಹುಡುಗಿ, ಚೊಚ್ಚಲ ಬಾಣಂತನಕ್ಕೆ ತವರಿಗೆ ಹೋಗಿದ್ದಳು. ಹೆಣ್ಣುಮಗು ಹುಟ್ಟಿತೆಂದು ಫೋನು ಬಂದ ದಿನ ನಾನು ಮಾಡಿದ್ದನ್ನೆಲ್ಲ ಬರೆಯಹೊರಟರೆ ನಾಲ್ಕನೇ ಕ್ಲಾಸಿಗೇ ನಿಂತ ನನ್ನ ಅಕ್ಷರಗಳು ಸಾಲುವುದಿಲ್ಲ. ಕಾಯಿ ಸುಲಿಯಲು ಬಂದವರಿಗೆ ಸಕ್ಕರೆ ಹಂಚಿದೆ, ಹಾಲಿನ ಡೈರಿಯ ಸಾಲಿನಲ್ಲಿ ನಿಂತವರಿಗೆ ಹಂಚಿದೆ, ರಾಂಗ್ ನಂಬರೆಂದು ಫೋನಿಡಲು ಹೊರಟ ಯಾರೋ ಪುಣ್ಯಾತ್ಮನನ್ನೂ ಹಿಡಿದು ನಿಲ್ಲಿಸಿ ಮಗುವಿನ ತೂಕ ಹೇಳಿದೆ. ಹನ್ನೊಂದನೆಯ ದಿನ ಬೇಲೂರಿಗೆ ಹೋಗಿ, ಆ ಅಂಗೈಯಗಲದ ಬೆನ್ನನ್ನು ಒಂದೇ ಒಂದು ಸಲ ಸವರಿ ಬಂದೆ. ಬಂದಮೇಲೆ ನನ್ನ ಕೈ ನನ್ನ ಮಾತು ಕೇಳುವುದನ್ನೇ ಬಿಟ್ಟುಬಿಟ್ಟಿತು. ಅಲ್ಲಿ ಬೀಗಿತ್ತಿ ದಿನವೂ ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ತಿಕ್ಕಿ ನೀರೆರೆಯುತ್ತಿದ್ದರೆ, ಇಲ್ಲಿ ನಾನು ಎರಡು ಖಾಲಿ ಕೈ ಇಟ್ಟುಕೊಂಡು ಕೂರುವುದು ಹೇಗೆ, ನೀವೇ ಹೇಳಿ.

ಒಂದು ಸೋಮವಾರ ಕೊಟ್ಟಿಗೆಯ ಪಕ್ಕ ಕೊಬ್ಬರಿ ಗುಡ್ಡೆ ಕೆದಕುತ್ತಿದ್ದಾಗ, ಅಲ್ಲೇ ನಿಂತಿದ್ದ ಪಿಕಪ್ಪಿನ ಹೊಟ್ಟೆಯ ಕೆಳಗೆ ಕಣ್ಣು ಹೋಯಿತು. ಅಲ್ಲಿದ್ದ ರಬ್ಬರು ಕೊಳವೆಗಳು ಬೇಸಿಗೆಯ ಹಿಮ್ಮಡಿಯ ಹಾಗೆ ಒಣಗಿ ಬಿಳಚಿಕೊಂಡಿದ್ದವು. ಮೊಮ್ಮಗಳನ್ನು ಈ ಮನೆಗೆ ಕರೆತರಬೇಕಾದ ಗಾಡಿ ಇದು, ಇದರ ಮೈ ಹೀಗಿರಬಹುದೇ ಎಂದು ಗೋಣಿ ಹಾಸಿ ಮಲಗಿದವಳು, ಬೆಚ್ಚಗೆ ಮಾಡಿದ ಕೊಬ್ಬರಿ ಎಣ್ಣೆಯನ್ನು ಕೈಗೆ ಸಿಕ್ಕ ಕೊಳವೆಗಳಿಗೆಲ್ಲ ನಿಧಾನವಾಗಿ ನೀವಿ ನೀವಿ ಹಚ್ಚಿದೆ. ಎದುರಿಗಿದ್ದುದಕ್ಕೆ ಒಂದು ಕುಂಕುಮದ ಬೊಟ್ಟನ್ನೂ ಇಟ್ಟೆ. ಎದ್ದಾಗ ಕೈ ಎಷ್ಟೋ ಹಗುರವಾಗಿತ್ತು. ಆಮೇಲೆ ಪ್ರತಿ ಸೋಮವಾರವೂ, ಮಗ ಸ್ನಾನಕ್ಕೆ ಹೋದ ಹೊತ್ತು ನೋಡಿ, ಪಿಕಪ್ಪಿಗೆ ಎಣ್ಣೆ ನೀವುವುದು ನನ್ನ ವ್ರತವಾಯಿತು. ಲಾಲಿ ಹಾಡಲಿಲ್ಲ ಎಂದರೆ ಸುಳ್ಳಾಗುತ್ತದೆ.

ಜ್ಯೇಷ್ಠಮಾಸದ ಕೊನೆಗೆ ಗಾಡಿಯಲ್ಲಿ ಪೆಟ್ರೋಲಿನ ವಾಸನೆ ಶುರುವಾಯಿತು. ಮೀಟರಿನ ಪಕ್ಕದಲ್ಲಿ ಒಂದು ಹಳದಿ ದೀಪವೂ ಹತ್ತಿಕೊಂಡು, ಆರಿಸುವವರಿಲ್ಲದೆ ಉರಿಯತೊಡಗಿತು. ಬೇರೆ ದಿನವಾಗಿದ್ದರೆ ಯಾರೂ ಲೆಕ್ಕಕ್ಕಿಡುತ್ತಿರಲಿಲ್ಲ. ಆದರೆ ನಮ್ಮ ಚೈತ್ರಳದು ವಿಚಿತ್ರವಾದ ಹೊಟ್ಟೆ. ಬೇಲೂರಿನಿಂದ ಬಸ್ಸು ಹತ್ತಲಿ, ಕಾರು ಹತ್ತಲಿ, ಹಳೇಬೀಡು ಬರುವಷ್ಟರಲ್ಲಿ ವಾಂತಿ. ಅವಳಿಗೆ ಒಗ್ಗಿದ್ದು ಗಂಡನ ಪಿಕಪ್ಪಿನ ಎತ್ತರದ ಮುಂದಿನ ಸೀಟೊಂದೇ. ಅದರಲ್ಲೇ ಪೆಟ್ರೋಲು ನಾರಿದರೆ ಹಸುಗೂಸನ್ನು ತೊಡೆಯ ಮೇಲಿಟ್ಟುಕೊಂಡು ಅವಳು ಬರುವುದೆಂತು? ಸಾಲದ್ದಕ್ಕೆ ಇನ್ನು ಮೂರೇ ದಿನಕ್ಕೆ ಅಮಾವಾಸ್ಯೆ, ಅದು ಕಳೆದರೆ ಆಷಾಢ. ಆಷಾಢದಲ್ಲಿ ಮಗಳನ್ನು ಅತ್ತೆಮನೆಗೆ ಕಳಿಸುವ ಪದ್ಧತಿ ಬೀಗರ ಮನೆಯಲ್ಲಿಲ್ಲ, ನಮ್ಮಲ್ಲೂ ಇಲ್ಲ. ಅಂದರೆ ಇನ್ನೊಂದು ತಿಂಗಳು ಮಗು ಅಲ್ಲಿ, ನನ್ನ ಕೈ ಇಲ್ಲಿ. ಈ ಲೋಕದಲ್ಲಿ ದೊಡ್ಡ ದೊಡ್ಡ ಸಂಕಟಗಳಿವೆ ಎಂದು ನನಗೂ ಗೊತ್ತು. ಆ ಮೂರು ದಿನ ಅವು ಯಾವುವೂ ನನ್ನ ಕಣ್ಣಿಗೆ ಬೀಳಲಿಲ್ಲ.

ಮೊದಲು ಮನೆಮಂದಿಯೆಲ್ಲ ಮೂಸಿ ನೋಡಿದೆವು. ಮೂಗಿನ ವಿಷಯದಲ್ಲಿ ನನಗೆ ಸ್ವಲ್ಪ ಹೆಸರಿದೆ. ಅಟ್ಟದ ಮೇಲೆ ವರ್ಷವಿಡೀ ಒಣಗುವ ಸಾವಿರ ಕಾಯಿಯ ರಾಶಿಯಲ್ಲಿ ಒಂದು ಒಳಗೇ ಕೊಳೆತರೂ ಏಣಿಯ ಕೆಳಗೆ ನಿಂತು ಹೇಳಬಲ್ಲೆ. ನಮ್ಮ ಯಜಮಾನರದು ನಲವತ್ತು ವರ್ಷ ನಶ್ಯ ತುಂಬಿ ತುಂಬಿ ಮುಚ್ಚಿಹೋದ ಮೂಗು. ಹಾಗಿದ್ದರೂ ಮನೆಯ ಹಿರಿಯರೆಂದು ಅವರೇ ಮೊದಲು ಬಾನೆಟ್ಟಿಗೆ ಮುಖವಿಟ್ಟು ಮೂಸಿ, "ಯಾವ ವಾಸ್ನೇನೂ ಇಲ್ಲ, ನಡೀರಿ" ಎಂದು ತೀರ್ಪು ಕೊಟ್ಟರು.

"ನಿಮ್ಮ ಮೂಗಿಗೆ ಮನೆ ಹತ್ತಿ ಉರಿದ್ರೂ ವಾಸ್ನೆ ಬರಾಕಿಲ್ಲ, ಸುಮ್ಕಿರಿ" ಎಂದೆ.

"ಅದ್ಕೇ ಕಣೆ ನಿನ್ನ ಅಡುಗೇನ ಇಷ್ಟು ವರ್ಷ ಉಂಡಿರೋದು" ಎಂದರು.

ಮರುದಿನ ಬೆಳಿಗ್ಗೆಯೇ ಅರಸೀಕೆರೆಗೆ ಹೊರಟೆವು. ಮುಂದೆ ಅಪ್ಪ ಮಗ, ಹಿಂದೆ ಖಾಲಿ ಗೋಣಿಚೀಲಗಳ ಮೇಲೆ ನಾನು. ಮೆಕ್ಯಾನಿಕ್ ನಂಜುಂಡ ರುದ್ರೇಶನ ಜೊತೆ ಓದಿದವನು. ಸ್ಟೇರಿಂಗಿನ ಕೆಳಗೆ ಒಂದು ವೈರು ಸಿಕ್ಕಿಸಿ, ಕೈಯಲ್ಲಿದ್ದ ಸಣ್ಣ ಯಂತ್ರವನ್ನು ಓದಿ, "ಪೆಟ್ರೋಲ್ ಆವೀದು ಲೀಕು ಕಣಮ್ಮ. ಸಣ್ಣ ಲೀಕು" ಎಂದ. ಟ್ಯಾಂಕಿನ ಪೆಟ್ರೋಲು ಬಿಸಿಯಾದಾಗ ಉಸಿರು ಬಿಡುತ್ತದಂತೆ. ಆ ಉಸಿರನ್ನು ಹೊರಗೆ ಬಿಡದೆ ಒಂದು ಕೊಳವೆ ಹಿಡಿದೊಯ್ದು ಇದ್ದಿಲು ತುಂಬಿದ ಡಬ್ಬಿಯಲ್ಲಿ ಅಡಗಿಸಿ, ಗಾಡಿ ಓಡುವಾಗ ಎಂಜಿನ್ನಿಗೆ ಉಣಿಸುತ್ತದಂತೆ. ಆ ದಾರಿಯಲ್ಲೆಲ್ಲೋ ಸೂಜಿಮೊನೆಯಷ್ಟು ತೂತು. ಕೇಳುತ್ತ ಗಾಡಿಯನ್ನೊಮ್ಮೆ ನೋಡಿದೆ. ಹೊರಗೆ ತಗಡು, ಬಣ್ಣ, ಹಿಂದುಗಡೆ ಬಸವಣ್ಣನ ಚಿತ್ರ. ಒಳಗೆ ಮಾತ್ರ ಒಂದು ಉಸಿರು ಹೊರಗೆ ಹೋಗಲೋ ಬೇಡವೋ ಎಂದು ಒದ್ದಾಡುತ್ತಿರುತ್ತದೆ. ಮೂರು ತಿಂಗಳಿಂದ ನನ್ನ ಪಾಡೂ ಅದೇ ಅಲ್ಲವೇ? ಡೈರಿ ಸಾಲಿನವರನ್ನೂ ರಾಂಗ್ ನಂಬರಿನವನನ್ನೂ ಕೇಳಿ, ನನ್ನಲ್ಲಿ ಎಲ್ಲಿ ಲೀಕೆಂದು ಯಾವ ಯಂತ್ರವೂ ಇಲ್ಲದೆ ಹೇಳಿಯಾರು.

ನಂಜುಂಡ ಟ್ಯಾಂಕಿನ ಮುಚ್ಚಳ ಬದಲಿಸಿದ. ಹಳದಿ ದೀಪ ಆರಿತು. ರುದ್ರೇಶ ಮಾಲೇಕಲ್ಲಿನ ತನಕ ಓಡಿಸಿಕೊಂಡು ಬರುವಷ್ಟರಲ್ಲಿ ಮತ್ತೆ ಹತ್ತಿತು. "ಹಾಸನದಾಗೆ ಹೊಗೆ ಬಿಟ್ಟು ನೋಡೋ ಮಿಷನ್ ಐತೆ. ಪೈಪಿನ ಒಳಗೆ ಹೊಗೆ ಬಿಟ್ರೆ ತೂತು ಇರೋ ಕಡೆ ಆಚೆ ಬತ್ತದೆ. ಆದ್ರೆ ನಾಕು ದಿನ ಗಾಡಿ ಬಿಡ್ಬೇಕು" ಎಂದ ನಂಜುಂಡ.

ನಾಲ್ಕು ದಿನ! ನಮ್ಮ ಹತ್ತಿರ ಉಳಿದಿದ್ದದ್ದು ಎರಡು. ಆದರೆ ಹೊಗೆ ಎಂಬ ಮಾತು ಕಿವಿಗೆ ಬಿದ್ದದ್ದೇ ನನಗೆ ಹೋದ ಜೀವ ಬಂದಂತಾಯಿತು. ಮಗುವಿನ ತಲೆ ಆರಿಸಲೆಂದು ಆಗತಾನೆ ಪೇಟೆಯಲ್ಲಿ ಕೊಂಡ ಸಾಂಬ್ರಾಣಿ ಚೀಲದಲ್ಲೇ ಇತ್ತು. "ಹೊಗೆ ತಾನೆ? ಇಗೋ ನಂಜುಂಡಾ, ಒಂದು ಚೂರು ಕೆಂಡ ಕೊಡಪ್ಪ" ಎಂದು ಟ್ಯಾಂಕಿನ ಕಡೆಗೆ ಹೊರಟೆ.

ನಂಜುಂಡ ಅಷ್ಟು ಜೋರಾಗಿ ಓಡಿದ್ದನ್ನು ಅವನ ಹೆಂಡತಿಯೂ ನೋಡಿರಲಾರಳು. "ಅಮ್ಮಾ! ಬೆಂಕಿ ತರ್ಬೇಡ್ರೀ! ಪೆಟ್ರೋಲು! ನಿಮ್ಮ ಕಾಲಿಗೆ ಬೀಳ್ತೀನಿ!" ಎಂದು ಕೂಗುತ್ತ ಮರಳಿನ ಬಕೆಟ್ಟು ಹಿಡಿದು ನನಗೂ ಗಾಡಿಗೂ ನಡುವೆ ನಿಂತ. ಸಾಂಬ್ರಾಣಿ ಇನ್ನೂ ಪೊಟ್ಟಣದಲ್ಲೇ ಇತ್ತು. ಆದರೂ ಪಕ್ಕದ ಟೀ ಅಂಗಡಿಯವನು ಸ್ಟವ್ ಆರಿಸಿಬಿಟ್ಟ.

ಪೆಚ್ಚಾಗಿ ಗಾರೇಜಿನ ಕಲ್ಲಿನ ಮೇಲೆ ಕೂತೆ. ಕೂತಲ್ಲಿ ಮನಸ್ಸು ನಮ್ಮ ಅಟ್ಟಕ್ಕೆ ಹೋಯಿತು. ಕೊಳೆತ ಕಾಯನ್ನು ನಾನು ಬೆಳಗಿನ ತಂಪಿನಲ್ಲಿ ಎಂದೂ ಹುಡುಕುವುದಿಲ್ಲ. ಹೆಂಚು ಕಾದು ಅಟ್ಟ ಬೆವರುವ ಮಟಮಟ ಮಧ್ಯಾಹ್ನದಲ್ಲಿ ಅದು ತಾನಾಗಿಯೇ ತನ್ನನ್ನು ಬಿಟ್ಟುಕೊಡುತ್ತದೆ. ಪೆಟ್ರೋಲೂ ಬಿಸಿಗೇ ಉಸಿರು ಬಿಡುತ್ತದೆಂದು ಇವನೇ ಹೇಳಿದನಲ್ಲ! "ಗಾಡೀನ ನೆರಳಲ್ಲಿಟ್ಕೊಂಡು ಏನು ಹುಡುಕ್ತೀರೋ? ಬಿಸಿಲಿಗೆ ಹಾಕಿ" ಎಂದೆ. ನಂಜುಂಡ ರುದ್ರೇಶನ ಮುಖ ನೋಡಿದ, ರುದ್ರೇಶ ಆಕಾಶ ನೋಡಿದ. ಬೇರೆ ಉಪಾಯ ಇಬ್ಬರಿಗೂ ಇರಲಿಲ್ಲ.

ಅಂದು ಮೋಡವಿರಲಿಲ್ಲ, ಅದೇ ನಮ್ಮ ಪುಣ್ಯ. ಎರಡು ಗಂಟೆ ಕಾದಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿದೆ. ಮುಂದೆ ಗ್ರೀಸು, ಎಡಕ್ಕೆ ಟೈರು, ಹಿಂದೆ ಹಳೆಯ ಕೊಬ್ಬರಿ. ಬಲಗಡೆ ಹಿಂದಿನ ಚಕ್ರದ ಮೇಲ್ಭಾಗಕ್ಕೆ ಬರುತ್ತಲೇ ಮೂಗು ನಿಂತುಬಿಟ್ಟಿತು. "ಇಲ್ಲೇ" ಎಂದೆ.

ನಂಜುಂಡ ಕೆಳಗೆ ನುಸುಳಿ, ಕೊಳವೆಗೆ ಮೆಲ್ಲಗೆ ಗಾಳಿ ಬಿಟ್ಟು, ಮೇಲೆ ಸೋಪಿನ ನೀರು ಬಳಿದ. ಸ್ವಲ್ಪ ಹೊತ್ತಿಗೆ ಅಲ್ಲಿಂದ ಒಂದು ಗುಳ್ಳೆ ಎದ್ದಿತು. ಹಸುಗೂಸಿನ ತುಟಿಯ ಮೇಲೆ ಏಳುವಂಥ ಪುಟ್ಟ ಗುಳ್ಳೆ; ಒಡೆಯಿತು, ಪಕ್ಕದಲ್ಲೇ ಇನ್ನೊಂದು ಎದ್ದಿತು. ನಾನು ಮೂವರ ಎದುರಿಗೂ ಚಪ್ಪಾಳೆ ತಟ್ಟಿದೆ.

"ಇಲಿ ಕಚ್ಚೈತೆ. ಎರಡು ಹಲ್ಲು, ನೀಟಾಗಿ" ಎಂದು ಕೆಳಗಿನಿಂದ ಅವನ ದನಿ ಬಂತು. ಆಮೇಲೆ, "ಅಲ್ಲ ರುದ್ರೇಶ, ಇದಕ್ಕೆ ಕೊಬ್ಬರಿ ಎಣ್ಣೆ ಹಚ್ಚಿರೋದು ಯಾರ್ಲಾ? ಪದರ ಪದರ ಕೂತೈತೆ! ಎಣ್ಣೆ ಕುಡಿದು ರಬ್ಬರು ಉಬ್ಬೈತೆ, ಇಲಿಗೆ ಬೋಂಡ ಇಟ್ಟಂಗೆ ಮಾಡವ್ರೆ!"

ನನ್ನ ಚಪ್ಪಾಳೆ ಅರ್ಧಕ್ಕೇ ನಿಂತಿತು.

"ನಾನ್ಯಾಕ್ಲಾ ಹಚ್ಲಿ?" ಎಂದ ರುದ್ರೇಶ. ಹೊರಗೆ ಬಂದ ನಂಜುಂಡನ ಕೈಯಲ್ಲಿದ್ದ ತುಂಡನ್ನು ಯಜಮಾನರು ಈಸಿಕೊಂಡು, ತಿರುಗಿಸಿ ನೋಡಿ, ಒಂದು ಚಿಟಿಕೆ ನಶ್ಯ ಏರಿಸಿ ಹೇಳಿದರು: "ಕುಂಕುಮ ಐತೆ. ಇಲಿ ಇಟ್ಟಿರಾಕಿಲ್ಲ."

ಮೂವರೂ ನನ್ನ ಕಡೆ ತಿರುಗಿದರು. ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಮೊಮ್ಮಗಳು ಬರಲೆಂದು ನೀವಿದ ಎಣ್ಣೆಯೇ ಅವಳ ದಾರಿಗೆ ಅಡ್ಡ ಮಲಗಿತ್ತು. "ಮಗೀಗೆ ಹಚ್ಚಕ್ಕೆ ಸಿಗ್ಲಿಲ್ವಲ್ಲಪ್ಪ..." ಎಂದಷ್ಟೇ ಬಂತು ಬಾಯಿಂದ. ರುದ್ರೇಶ ನನ್ನ ಕೈಗಳನ್ನು ಒಂದು ಸಲ ನೋಡಿ, "ಹೊಸ ಪೈಪು ಹಾಕ್ಲಾ ನಂಜುಂಡ, ಬೇಗ" ಎಂದು ಮುಖ ಆ ಕಡೆ ತಿರುಗಿಸಿದ. ಅವನ ಭುಜ ಕುಲುಕುತ್ತಿತ್ತು, ನಗುವೆಂದೇ ಇಟ್ಟುಕೊಂಡಿದ್ದೇನೆ.

ಅಮಾವಾಸ್ಯೆಯ ಹಿಂದಿನ ದಿನ ಬೇಲೂರಿನಲ್ಲಿ ಚೈತ್ರ ಗಾಡಿಯ ಬಾಗಿಲು ತೆಗೆದು, ಒಳಗೆ ತಲೆ ಹಾಕಿ, ಕಣ್ಣು ಮುಚ್ಚಿ ಉಸಿರೆಳೆದಳು. ನಾವೆಲ್ಲ ಉಸಿರು ಹಿಡಿದೆವು. "ಏನೂ ಇಲ್ಲ ಅತ್ತೆ" ಎಂದು ಮಗುವನ್ನೆತ್ತಿಕೊಂಡು ಹತ್ತಿ ಕೂತಳು. ನಾನು ಹಿಂದೆ, ಬೀಗರು ಕೊಟ್ಟ ತೊಟ್ಟಿಲನ್ನು ತಬ್ಬಿಕೊಂಡು ನಿಂತೆ. ಹಳೇಬೀಡು ಬಂತು. ಗಾಡಿ ನಿಂತಿತು. ನಾನು ತೊಟ್ಟಿಲ ಮೇಲಿಂದ ಬಗ್ಗಿ ನೋಡಿದೆ. ಮುಂದಿನ ಕಿಟಕಿಯಿಂದ ಸೊಸೆಯ ಕೈ ಹೊರಗೆ ಬಂದು ಹುರಿಗಡಲೆ ಮಾರುವವನನ್ನು ಕರೆಯಿತು. ಆ ಪೊಟ್ಟಣ ಒಳಗೆ ಹೋದದ್ದನ್ನು ನೋಡಿ ನಾನು ತೊಟ್ಟಿಲಿಗೇ ಮುತ್ತಿಟ್ಟೆ.

ಈಗ ಪಿಕಪ್ಪಿಗೆ ಸೋಮವಾರದ ವ್ರತವಿಲ್ಲ. ಅದರ ಕೊಳವೆಗಳು ಮತ್ತೆ ಒಣಗಿ ಬಿಳಚಿಕೊಂಡು ಬಹಳ ಆರೋಗ್ಯವಾಗಿವೆ. ನನ್ನ ಕೈಗೆ ಬಿಡುವಿಲ್ಲ. ಮಗುವಿಗೆ ಎಂಟು ತಿಂಗಳಾಯಿತು, ಕೆಳಗಿನ ವಸಡಿನಲ್ಲಿ ಅಕ್ಕಿಕಾಳಿನಂಥ ಎರಡು ಹಲ್ಲು ಬಂದಿವೆ. ಇವತ್ತು ಬೆಳಿಗ್ಗೆ ಕಾಲ ಮೇಲೆ ಹಾಕಿಕೊಂಡು ಎಣ್ಣೆ ನೀವುತ್ತಿದ್ದಾಗ ನನ್ನ ತೋರುಬೆರಳನ್ನು ಎರಡೂ ಕೈಯಲ್ಲಿ ಹಿಡಿದು ಬಾಯಿಗಿಟ್ಟುಕೊಂಡವಳೇ ಕಚ್ಚಿಬಿಟ್ಟಳು. ಸ್ನಾನ ಮುಗಿಸಿ ಮಲಗಿಸಿದಮೇಲೆ ಗೂಡಿನಿಂದ ಆ ರಬ್ಬರು ತುಂಡನ್ನು ತೆಗೆದು ಬೆರಳ ಪಕ್ಕದಲ್ಲಿಟ್ಟು ನೋಡಿದೆ. ಅಲ್ಲೊಂದು ಜೊತೆ ಚುಕ್ಕೆ, ಇಲ್ಲೊಂದು ಜೊತೆ. ಇಷ್ಟು ದಿನ ನನ್ನ ಪೆದ್ದುತನದ ಗುರುತೆಂದೇ ಅದನ್ನು ಅಲ್ಲಿಟ್ಟಿದ್ದೆ. ಈಗ ಆ ಇಲಿಯ ಮೇಲೂ ಒಂದಿಷ್ಟು ಅಕ್ಕರೆ ಹುಟ್ಟಿತು: ಮೂರು ತಿಂಗಳು ನನ್ನ ಕೈಯ ಎಣ್ಣೆ ರುಚಿಯೆಂದು ಒಪ್ಪಿದ್ದು ಅದೊಂದೇ. ತುಂಡನ್ನು ಒರೆಸಿ ಗೆಜ್ಜೆಯ ಪಕ್ಕದಲ್ಲೇ ಮತ್ತೆ ಇಟ್ಟೆ. ಬೆರಳು ಇನ್ನೂ ಚುರುಗುಟ್ಟುತ್ತಿದೆ. ಅದಕ್ಕೆ ಮಾತ್ರ ಎಣ್ಣೆ ಹಚ್ಚಿಲ್ಲ.