ಫಕ್ಕೀರವ್ವ ಹೊಲಿಯದ ಕೌದಿ

ಸವಣೂರಿನ ಬಸ್ ನಿಲ್ದಾಣದ ಎದುರಿಗೆ ಗುಲ್ನಾರಳ ಕಂಪ್ಯೂಟರ್ ಅಂಗಡಿ. ಝೆರಾಕ್ಸ್, ಅರ್ಜಿ ಟೈಪಿಂಗ್ ಇದ್ದದ್ದೇ. ಸಭೆಗಳಿಗೆ ಸ್ಲೈಡ್ ಮಾಡಿಕೊಡುವುದರಲ್ಲಂತೂ ಅವಳದು ಎತ್ತಿದ ಕೈ. ಹೆಸರನ್ನು ಕಮಾನಿನಂತೆ ಬಾಗಿಸಿ, ಅಲೆಯಂತೆ ಏರಿಳಿಸಿ ಬಣ್ಣ ತುಂಬಿದಳೆಂದರೆ ಜನ ನೋಡುತ್ತ ನಿಲ್ಲುತ್ತಿದ್ದರು.

ಮಹಿಳಾ ಸಂಘಗಳ ಒಕ್ಕೂಟವೊಂದು ಹಾನಗಲ್ಲಿನಲ್ಲಿ ಸಭೆ ಕರೆದಾಗ, ಕೈಕೆಲಸದ ಹನ್ನೆರಡು ಹೆಣ್ಣುಮಕ್ಕಳ ಪರಿಚಯದ ಸ್ಲೈಡುಗಳು ಅವಳ ಪಾಲಿಗೆ ಬಂದವು. ಹನ್ನೊಂದು ಮಂದಿ ತಮ್ಮ ಕೆಲಸದ ಫೋಟೊ ವಾಟ್ಸಾಪಿನಲ್ಲಿ ಕಳಿಸಿದರು. ದುಂಡಸಿಯಲ್ಲಿ ಹಳೇ ಬಟ್ಟೆಯ ತುಂಡು ಜೋಡಿಸಿ ಕೌದಿ ಹೊಲಿಯುವ ಫಕ್ಕೀರವ್ವನ ಹತ್ತಿರ ಮಾತ್ರ ಕ್ಯಾಮೆರಾದ ಫೋನ್ ಇರಲಿಲ್ಲ. “ನಾನ ಹೋಗಿ ತಗೊಂಡ ಬರ್ತೇನಿ” ಎಂದು ಗುಲ್ನಾರ ಒಪ್ಪಿಕೊಂಡಳು. ಶಿಗ್ಗಾವಿಯಲ್ಲಿ ಬಸ್ ಬದಲಿಸಬೇಕಲ್ಲ ಎಂಬ ಬೇಸರಕ್ಕೆ ಇವತ್ತು ನಾಳೆ ಎನ್ನುತ್ತ ದಿನ ತಳ್ಳಿದಳು. ಕೊನೆಗೆ ಇಂಟರ್ನೆಟ್ಟಿನಲ್ಲಿ ಹುಡುಕಿ, ಕಣ್ಣು ಕುಕ್ಕುವಂಥ ಒಂದು ಕೌದಿಯ ಚಿತ್ರ ಇಳಿಸಿಕೊಂಡು, ಅದರ ಮೇಲೆ ಫಕ್ಕೀರವ್ವನ ಹೆಸರನ್ನು ಬಾಗಿಸಿ ಕೂರಿಸಿದಳು. ಯಾರಿಗೆ ಗೊತ್ತಾಗುತ್ತದೆ?

ಹಾನಗಲ್ಲಿನ ಸಭೆಯಲ್ಲಿ ಸ್ಲೈಡುಗಳನ್ನು ಪರದೆಗೆ ಹಾಕಿದವಳೂ ಗುಲ್ನಾರಳೇ. ಆ ಸ್ಲೈಡಿಗೇ ಚಪ್ಪಾಳೆ ಹೆಚ್ಚು. ಮುಂದಿನ ಸಾಲಿನಲ್ಲಿ ಕೂತಿದ್ದ ಫಕ್ಕೀರವ್ವ ತಲೆ ಎತ್ತಿ ಪರದೆಯನ್ನೇ ನೋಡುತ್ತಿದ್ದಳು. ಸಭೆ ಮುಗಿದ ಮೇಲೆ ಹುಬ್ಬಳ್ಳಿಯಿಂದ ಬಂದಿದ್ದ ಹೆಂಗಸೊಬ್ಬರು ಅವಳ ಬಳಿ ಬಂದರು.

“ಅಂಥಾವು ನಾಕು ಕೌದಿ ಬೇಕಾಗಿತ್ತರಿ.”

“ಅದು ನಾ ಹೊಲದಿದ್ದಲ್ಲರಿ. ನಾ ಹೊಲದಾವು ಬ್ಯಾರೆ ಅದಾವು.”

“ಮತ್ತ ನಿಮ್ಮ ಹೆಸರು ಹಾಕ್ಯಾರಲ್ಲ?” ಆಕೆಯ ಮುಖ ಬಿಗಿಯಾಯಿತು. ಬೇರೆಯವರ ಕೆಲಸಕ್ಕೆ ಈ ಮುದುಕಿ ಹೆಸರು ಹಚ್ಚಿಕೊಂಡಿದ್ದಾಳೆ ಎಂದೇ ತಿಳಿದಂತೆ ಹೊರಟುಹೋದರು.

ಗುಲ್ನಾರ ನಾಲ್ಕು ಹೆಜ್ಜೆ ದೂರದಲ್ಲಿದ್ದಳು. ತಪ್ಪು ತನ್ನದೆಂದು ಹೇಳಲು ಒಂದು ಮಾತು ಸಾಕಿತ್ತು. ಅವಳು ತಲೆ ಬಗ್ಗಿಸಿ ಪ್ರೊಜೆಕ್ಟರಿನ ವೈರ್ ಸುತ್ತುತ್ತಲೇ ಇದ್ದಳು.

ಫಕ್ಕೀರವ್ವನೇ ಅವಳ ಹತ್ತಿರ ಬಂದಳು. “ನನ್ನ ಹೆಸರು ಚಂದ ಬರದಿ, ತಂಗಿ. ಆದ್ರ ಆ ಕೌದಿ ಹೊಲದಾಕಿ ಯಾರು? ಆಕಿ ಹೆಸರು ಹಾಕಬೇಕಿತ್ತಲ್ಲ.”

ಗುಲ್ನಾರಳಿಗೆ ಆ ಹೆಸರೂ ಗೊತ್ತಿರಲಿಲ್ಲ. ಒಬ್ಬಳ ಕೆಲಸ ಕದ್ದು, ಇನ್ನೊಬ್ಬಳ ಮರ್ಯಾದೆ ಕಳೆದಿದ್ದಳು. ನಾಲ್ಕು ದಿನ ಉಂಡ ಅನ್ನ ಮೈಗೆ ಹತ್ತಲಿಲ್ಲ. ಐದನೆಯ ದಿನ ಅಂಗಡಿ ಮುಚ್ಚಿ ದುಂಡಸಿಗೆ ಹೋದಳು.

“ಅಜ್ಜಿ, ಅವತ್ತ ನಾ ಅಲ್ಲೇ ಇದ್ದೆ. ಬಾಯಿ ಬಿಡಲಿಲ್ಲ.”

“ಗೊತ್ತೈತಿ. ವೈರ್ ಸುತ್ತಾಕತ್ತಿದ್ದಿ.” ಫಕ್ಕೀರವ್ವ ಬೈಯಲಿಲ್ಲ. ಒಳಗಿನಿಂದ ಕೌದಿಗಳನ್ನು ತಂದು ಅಂಗಳದ ಬಿಸಿಲಿಗೆ ಹಾಸಿದಳು. “ಈ ನೀಲಿ ತುಂಡು ನಮ್ಮತ್ತಿ ಸೀರಿದು. ಇದು ನನ್ನ ಮಗಳ ಲಂಗ.” ಗುಲ್ನಾರ ಫೋಟೊ ತೆಗೆಯುತ್ತ ಹೋದಳು. ಬೈದಿದ್ದರೆ ಮನಸ್ಸು ಹಗುರಾಗುತ್ತಿತ್ತೇನೋ.

ಒಕ್ಕೂಟದವರಿಂದ ನಂಬರ್ ಪಡೆದು ಹುಬ್ಬಳ್ಳಿಯ ಹೆಂಗಸಿಗೆ ಫೋನ್ ಮಾಡಿ ಇದ್ದದ್ದನ್ನು ಇದ್ದಂತೆ ಹೇಳಿದಳು. “ನಾವಾಗಲೇ ಬ್ಯಾರೆ ಕಡೆ ತಗೊಂಡ್ವಿ” ಎಂದು ಆಕೆ ಫೋನ್ ಇಟ್ಟುಬಿಟ್ಟರು.

ಮುಂದಿನ ತಿಂಗಳು ಹಿರೇಕೆರೂರಿನಲ್ಲಿ ಅದೇ ಒಕ್ಕೂಟದ ಸಭೆಯಲ್ಲಿ ಫಕ್ಕೀರವ್ವನ ಹೊಸ ಸ್ಲೈಡ್ ಬರುವ ಮುಂಚೆ ಗುಲ್ನಾರ ಮೈಕ್ ಕೇಳಿ ಪಡೆದಳು. “ಹೋದ ಸಲ ತೋರಿಸಿದ ಕೌದಿ ಫಕ್ಕೀರವ್ವಾರದಲ್ಲರಿ. ಸೋಮಾರಿತನಕ್ಕ ನಾನ ಎಲ್ಲಿಂದೋ ತಂದು ಹಾಕಿದ್ದೆ. ಅವರ ತಪ್ಪೇನಿಲ್ಲ.” ಹಿಂದೆ ಯಾರೋ ನಕ್ಕರು. ಇಬ್ಬರು ಫಕ್ಕೀರವ್ವನ ವಿಳಾಸ ಬರೆದುಕೊಂಡರು.

ಜ್ವರದಿಂದ ಮಲಗಿದ್ದ ಫಕ್ಕೀರವ್ವ ಆ ದಿನ ಬಂದಿರಲಿಲ್ಲ. ಹಾನಗಲ್ಲಿನಲ್ಲೇ, ಅವಳ ಎದುರಿಗೆ, ಆ ಹುಬ್ಬಳ್ಳಿಯವರ ಎದುರಿಗೆ ಆಡಬೇಕಿದ್ದ ಮಾತು ಅದು ಎಂಬುದು ಗುಲ್ನಾರಳಿಗೆ ಗೊತ್ತಿತ್ತು.